ಸೆಖೊಬೆಯ ಬಿಳಿ ಪೆಟ್ಟಿಗೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ವರ್ಷ ಊರಿಗೆ ಊರೇ ಸೆಖೊಬೆಯನ್ನು ನಂಬಿ ಹೊತ್ತಿಗೆ ಮುಂಚೆ ತರಕಾರಿ ನೆಟ್ಟಿತಲ್ಲ, ಅದರಲ್ಲಿ ನನ್ನ ಕೈವಾಡ ಏನೂ ಇರಲಿಲ್ಲ. ಹಾ ತ್ಸುಪಾನೆ ಎಂಬ ನಮ್ಮ ಬೆಟ್ಟದೂರಿನಲ್ಲಿ ಜೋಳದ ಹಿಟ್ಟಿನ ಗಿರಣಿ ನಡೆಸುವವನು ನಾನು. ಗಿರಣಿಗೆ ಬಂದವರಿಗೆ ಮಾತ್ರ ವಿಷಯ ಹೇಳಿದ್ದೇನೆ. ಊರಿನವರೆಲ್ಲ ಗಿರಣಿಗೆ ಬರುತ್ತಾರೆ ಎನ್ನುವುದು ನನ್ನ ತಪ್ಪಲ್ಲ.

ಸೆಖೊಬೆ ನನ್ನ ಪಕ್ಕದ ಮನೆಯವನು. ಒಳ್ಳೆಯವನು. ಒಳ್ಳೆಯವನು ಎಂದ ಮೇಲೆ ಇನ್ನೇನು ಹೇಳಬೇಕೋ ತಿಳಿಯದೆ ಜನ ಸುಮ್ಮನಾಗುತ್ತಾರಲ್ಲ, ಅಂಥ ಒಳ್ಳೆಯವನು. ಮನೆಗಳಿಗೆ ಬಣ್ಣ ಬಳಿಯುವುದು ಅವನ ಕಸುಬು. ತಲೆ ನರೆಯತೊಡಗಿದ ಮೇಲೆ ಮದುವೆಯಾದ. ಸೊಸೆ ಮನೆ ತುಂಬಿದ ದಿನವೇ ಅವನ ತಾಯಿ ನಮ್ಮ ಪದ್ಧತಿಯಂತೆ ಅವಳಿಗೆ ಮಾದಿತ್ಸೆಹೊ ಎಂದು ಹೆಸರಿಟ್ಟಳು. ಹಾಗೆಂದರೆ ನಗುವಿನ ತಾಯಿ. ಮುಂದೆ ಹೆಣ್ಣು ಹುಟ್ಟಿದರೆ ಅದು ದಿತ್ಸೆಹೊ, ಅಂದರೆ ನಗು. ಹೆಸರು ಸಿದ್ಧವಾಗಿತ್ತು, ಆದರೆ ಹೆಸರಿನ ಒಡತಿ ಬಹಳ ವರ್ಷ ಬರಲಿಲ್ಲ. ಆ ಮುದುಕಿ ಕಾದು ಕಾದು ತೀರಿಕೊಂಡಳು. ಆಮೇಲೆ ಒಂದು ದಿನ ಸೆಖೊಬೆ ನನ್ನ ಗಿರಣಿಗೆ ಓಡಿ ಬಂದು, ಬೆಲ್ಟು ತಿರುಗುವ ಸದ್ದಿನಲ್ಲಿ ನನ್ನ ಕಿವಿಗೆ ಏನೋ ಕೂಗಿದ. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಆದರೆ ಮಾದಿತ್ಸೆಹೊ ಬಸಿರಿ ಎಂದು ತಿಳಿಯಲು ಅವನ ಮುಖ ನೋಡಿದರೆ ಸಾಕಾಗಿತ್ತು.

ಇನ್ನು ಪೆಟ್ಟಿಗೆಯ ವಿಷಯ. ಹಿಂದೆ ಅವನು ರಾಜಧಾನಿ ಮಸೇರುವಿನಲ್ಲಿ ಒಂದು ಹವಾಮಾನ ಕಚೇರಿಗೆ ಬಣ್ಣ ಬಳಿಯಲು ಹೋಗಿದ್ದ. ಅಲ್ಲಿ ಅಂಗಳದ ನಡುವೆ ನಾಲ್ಕು ಕಾಲಿನ ಮೇಲೆ ಒಂದು ಬಿಳಿ ಮರದ ಪೆಟ್ಟಿಗೆ, ಸುತ್ತಲೂ ಓರೆಪಟ್ಟಿ ಹೊಡೆದದ್ದು, ಒಳಗೆ ಚಳಿ ಬಿಸಿಲು ಅಳೆಯುವ ಕೊಳವೆಗಳು. ಅದಕ್ಕೂ ಇವನೇ ಬಣ್ಣ ಬಳಿದ. ಉಳಿದ ಬಣ್ಣವನ್ನು ಕೇಳಿ ಮನೆಗೆ ತಂದ. ಅವನಿಗೆ ಒಂದು ಕೋಳಿ ಇತ್ತು. ಕೋಳಿಗೆ ಗೂಡು ಬೇಕಿತ್ತು. ನಾಯಿಗೆ ಸಿಗಬಾರದೆಂದು ನಾಲ್ಕು ಕಾಲಿನ ಮೇಲೆ ಗೂಡು ಕಟ್ಟಿದ, ಗಾಳಿಯಾಡಲಿ ಎಂದು ಓರೆಪಟ್ಟಿ ಹೊಡೆದ, ಬಣ್ಣ ಇದೆಯಲ್ಲ ಎಂದು ಬಿಳಿ ಬಳಿದ.

ಮರುದಿನ ದಾರಿಯಲ್ಲಿ ಹೋಗುತ್ತಿದ್ದ ಮಾನ್ಕೊಪಾನೆ ಅಜ್ಜಿ ನಿಂತಳು. ಗಂಡ ಹೋದ ಮೇಲೆ ಒಂಟಿಯಾಗಿರುವ, ಬಾಯಿ ಮಾತ್ರ ಇಬ್ಬರಷ್ಟು ಇರುವ ಮುದುಕಿ.

"ಇದೇನು ಮಗಾ, ಹೊಸಾದು?"

"ಮಸೇರುವಿನ ಹವಾಮಾನ ಕಚೇರೀಲಿ ಇಂಥದ್ದೇ ಇದೆ ಅವ್ವ."

"ಅಯ್ಯೋ, ನೀನು ಅಲ್ಲೂ ಕೆಲಸ ಮಾಡಿದ್ಯಾ?"

"ಮಾಡಿದೀನಿ."

"ಏನು ಕೆಲಸ?"

ಬಣ್ಣ ಬಳಿಯೋ ಕೆಲಸ ಎಂದು ಅವನು ಹೇಳಬಹುದಿತ್ತು. ಇಡೀ ಜನ್ಮ ಹಾಗೆಯೇ ಹೇಳಿಕೊಂಡು ಬಂದಿದ್ದ. ಆದರೆ ತಂದೆಯಾಗಲಿರುವ ಮನುಷ್ಯನಿಗೆ ಎದೆ ಸ್ವಲ್ಪ ಉಬ್ಬಿರುತ್ತದೆ.

"ಪೆಟ್ಟಿಗೆ ನೋಡ್ಕೊಳ್ಳೋ ಕೆಲಸ" ಎಂದ.

ಮುಗಿಯಿತು. ಬೆಳಗಾದರೆ ಸೆಖೊಬೆ ಬಗ್ಗಿ ಪಟ್ಟಿಗಳ ಸಂದಿಯಿಂದ ಇಣುಕುವುದನ್ನು ದಾರಿಹೋಕರು ನೋಡಿದರು. ಮೊಟ್ಟೆ ಇದ್ದರೆ ಅವನು ತಲೆದೂಗುತ್ತಿದ್ದ. ಇಲ್ಲದಿದ್ದರೆ ತಲೆ ಅಲ್ಲಾಡಿಸುತ್ತಿದ್ದ. ತಲೆದೂಗಿದ ದಿನ ಹೆಂಗಸರು ಕಂಬಳಿ ಒಗೆಯಲು ಹೊಳೆಗೆ ಹೋದರು. ಅಲ್ಲಾಡಿಸಿದ ದಿನ ಕುರಿಗಳನ್ನು ದೊಡ್ಡಿಯಲ್ಲೇ ಉಳಿಸಿಕೊಂಡರು. ಕೋಳಿ ತನ್ನ ಪಾಡಿಗೆ ಮನಸ್ಸು ಬಂದಾಗ ಮೊಟ್ಟೆ ಇಡುತ್ತಿತ್ತು. ಅದಕ್ಕೆ ತನ್ನ ಜವಾಬ್ದಾರಿಯ ಅರಿವಿರಲಿಲ್ಲ.

ಚಳಿಗಾಲದ ಕೊನೆಗೆ ಮಾದಿತ್ಸೆಹೊ ಹೆರಿಗೆಗೆ ತವರಿಗೆ ಹೊರಟಳು. ಟ್ಯಾಕ್ಸಿ ವ್ಯಾನು ಹತ್ತುವಾಗ ಅವಳು ಗಂಡನಿಗೆ ಹೇಳಿದ್ದು ಒಂದೇ ಮಾತು. "ಕ್ರಿಸ್ಮಸ್‌ಗೆ ಮಗು ಎತ್ಕೊಂಡು ಬರ್ತೀನಿ. ನಮ್ಮ ಮನೆ ಅಂಗಳದ ಟೊಮೆಟೊ ತಿನ್ಬೇಕು ಅನ್ನಿಸ್ತಾ ಇದೆ. ಅಂಗಡೀದಲ್ಲ."

ಇವನು ತಲೆದೂಗಿದ. ವ್ಯಾನು ಹೋದ ಮೇಲೂ ತಲೆದೂಗುತ್ತಲೇ ಇದ್ದ. ದೂರದಿಂದ ನೋಡಿದವರು ಈ ವಾರ ಬಿಸಿಲು ಎಂದುಕೊಂಡರು.

ಕ್ರಿಸ್ಮಸ್‌ಗೆ ಅಂದರೆ ನಮ್ಮ ಸೀಮೆಯ ನಡುಬೇಸಿಗೆಗೆ ಟೊಮೆಟೊ ಹಣ್ಣಾಗಬೇಕಾದರೆ ಪೀಚ್ ಹೂ ಉದುರುವ ಮೊದಲೇ ನೆಡಬೇಕು. ಆದರೆ ನಮ್ಮ ಬೆಟ್ಟದ ಸೀಮೆಯಲ್ಲಿ ಆ ಹೊತ್ತಿಗೆ ಹೆಪ್ಪುಮಂಜಿನ ಕಾಟ ಮುಗಿದಿರುವುದಿಲ್ಲ. ರಾತ್ರಿ ಬಿದ್ದ ಇಬ್ಬನಿ ಬೆಳಗಾಗುವಷ್ಟರಲ್ಲಿ ಉಪ್ಪಿನ ಹಾಗೆ ಬೆಳ್ಳಗೆ ಗಟ್ಟಿಯಾಗಿ, ಬಿಸಿಲು ತಾಕಿದ್ದೇ ಎಲೆಯನ್ನೆಲ್ಲ ಕರ್ರಗೆ ಸುಟ್ಟುಹಾಕುತ್ತದೆ. ಕೊನೆಯ ಹೆಪ್ಪುಮಂಜು ಯಾವತ್ತು? ಪೀಚ್ ಹೂ ಬಿಟ್ಟರೆ ಚಳಿ ಮುಗಿಯಿತು ಎನ್ನುವವರು ನಮ್ಮಲ್ಲಿ ಅರ್ಧ ಜನ. ಪೀಚ್ ಹೂ ನೋಡಿಯೇ ಚಳಿ ವಾಪಸು ಬರುವುದು ಎನ್ನುವವರು ಇನ್ನರ್ಧ ಜನ. ರೇಡಿಯೊದವರು ಬೀಳಬಹುದು ಎನ್ನುತ್ತಾರೆ. ಬಹುದು ಎಂದವರನ್ನು ಆಮೇಲೆ ಹಿಡಿದು ಕೇಳುವುದು ಹೇಗೆ?

ಇನ್ನೊಂದು ದಿನವೂ ಯಾರಿಗೂ ಗೊತ್ತಿರಲಿಲ್ಲ. ಅದು ಹೆರಿಗೆಯ ದಿನ. ಮಗು ಹುಟ್ಟಿದ ಸುದ್ದಿಯನ್ನು ನಮ್ಮಲ್ಲಿ ತವರಿನ ಹೆಂಗಸರು ಬಂದು ಬಾಯಲ್ಲಿ ಹೇಳುವುದಿಲ್ಲ. ಗಂಡಾದರೆ ತಂದೆಯ ಬೆನ್ನಿಗೆ ಹೇಳದೆ ಕೇಳದೆ ಕೋಲಿನಿಂದ ಬಾರಿಸುತ್ತಾರೆ. ಹೆಣ್ಣಾದರೆ ಮೈಮೇಲೆ ನೀರು ಸುರಿಯುತ್ತಾರೆ. "ಫೋನಾದ್ರೂ ಮಾಡಿ ಅತ್ತೆ" ಎಂದು ಸೆಖೊಬೆ ಬೇಡಿಕೊಂಡಿದ್ದ. "ಫೋನಲ್ಲಿ ಹೊಡೆಯೋದು ಹೇಗೋ?" ಎಂದು ಅತ್ತೆ ಇಟ್ಟುಬಿಟ್ಟಿದ್ದಳು. ಆಕೆಯ ತಂಗಿ ಮಾಪಾಲಿಯ ತೋಳಿನ ಬಲ ಸುತ್ತಲಿನ ಊರುಗಳಲ್ಲೆಲ್ಲ ಹೆಸರುವಾಸಿ. ಹಾಗಾಗಿ ಸೆಖೊಬೆ ಆ ತಿಂಗಳೆಲ್ಲ ಒಂದರ ಮೇಲೊಂದು ಎರಡು ಕಂಬಳಿ ಹೊದ್ದು ಓಡಾಡಿದ. ಮೇಲಿನದು ಅವನ ಮದುವೆಯ ಕಂಬಳಿ, ದಪ್ಪನೆಯದು. ಊರಿನವರು ಬೇರೆ ಅರ್ಥ ಮಾಡಿಕೊಂಡರು. ಹವಾಮಾನದವನೇ ಎರಡು ಹೊದ್ದಿದ್ದಾನೆ, ನಮಗೂ ಎರಡಿರಲಿ ಎಂದು ಬಿಸಿಲಿನಲ್ಲಿ ಬೆವರಿದರು.

ಒಂದು ಬೆಳಿಗ್ಗೆ ಸೆಖೊಬೆ ಕಿಟಕಿಯಲ್ಲಿ ಡಬ್ಬಿಗಳಲ್ಲಿ ಬೆಳೆಸಿದ್ದ ಟೊಮೆಟೊ ಸಸಿಗಳನ್ನು ತಂದು ಮಡಿಗೆ ನೆಟ್ಟ. ನಮ್ಮಲ್ಲಿ ಕಾಯಿಪಲ್ಯದ ಮಡಿ ಎಂದರೆ ಸೊಂಟದೆತ್ತರಕ್ಕೆ ದುಂಡಗೆ ಕಲ್ಲು ಕಟ್ಟಿ ಮಣ್ಣು ತುಂಬಿದ್ದು. ನಡುವೆ ಕಸಗೊಬ್ಬರದ ಬುಟ್ಟಿ, ಒಂದು ಕಡೆ ಆಳು ನುಗ್ಗುವಷ್ಟು ಸೀಳು. ಸೀಳಿನಲ್ಲಿ ನಿಂತರೆ ಸುತ್ತಲೂ ಗಿಡ. ಅವನು ಅಲ್ಲಿ ನಿಂತು ಒಂದೊಂದು ಸಸಿಯ ಬುಡವನ್ನೂ ಒತ್ತುತ್ತಾ ಏನೋ ಮಾತಾಡುತ್ತಿದ್ದ. ಗೋಡೆಯ ಈಚೆಯಿಂದ ನಾನು ಕೇಳಿಸಿಕೊಂಡೆ. "ಬೇಗ ಬೆಳೀರಪ್ಪಾ, ಮಾನ ಉಳಿಸಿ" ಎನ್ನುತ್ತಿದ್ದ.

ಸೆಖೊಬೆ ಟೊಮೆಟೊ ನೆಟ್ಟ ಎಂದು ನಾನು ಗಿರಣಿಯಲ್ಲಿ ಹೇಳಿದೆ. ಅಷ್ಟೇ ಹೇಳಿದ್ದು. ಸಂಜೆಯ ಹೊತ್ತಿಗೆ ಅದು ಹೆಪ್ಪುಮಂಜು ಈ ವರ್ಷ ಮುಗಿಯಿತಂತೆ ಎಂದಾಗಿ, ಮಸೇರುವಿನಿಂದ ಅವನಿಗೆ ಗುಟ್ಟಾಗಿ ತಿಳಿಸಿದ್ದಾರಂತೆ ಎಂದಾಗಿ, ಕೊನೆಗೆ ನನ್ನ ಗಿರಣಿಗೇ ವಾಪಸು ಬಂತು. ಅಷ್ಟು ಜನ ಹೇಳಿದ ಮೇಲೆ ನಾನೂ ನಂಬಿದೆ. ನನ್ನ ಕುಂಬಳದ ಬೀಜ ಊರಿದೆ.

ಎಲ್ಲರೂ ಊರಿದರು. ಸೆಖೊಬೆ ಮನೆಮನೆಗೆ ಓಡಿದ. "ನನ್ನ ನೋಡಿ ನೆಡ್ಬೇಡ್ರಪ್ಪಾ, ನಂಗೇನೂ ಗೊತ್ತಿಲ್ಲ" ಎಂದ. ಎಷ್ಟು ವಿನಯ ನೋಡಿ ಎಂದು ಜನ ಮೆಚ್ಚಿಕೊಂಡರು. ಮಾನ್ಕೊಪಾನೆ ಅಜ್ಜಿಯ ಅಂಗಳಕ್ಕೆ ಹೋದಾಗ ಅವಳು ಒಂದು ಸೋರೆಬುರುಡೆಯನ್ನು ಬೋರಲು ಹಾಕಿ ತಟ್ಟುತ್ತಿದ್ದಳು.

"ಅವ್ವ, ಏನು ಹಾಕ್ತಿದೀಯ?"

"ನಮ್ಮ ಯಜಮಾನರ ಹುರುಳಿಕಾಯಿ ಬೀಜ. ಕೆಂಪು ಚುಕ್ಕೀದು. ಅವರು ಇದ್ದಾಗ ಆರಿಸಿ ಇಟ್ಟಿದ್ದು, ಪ್ರತಿವರ್ಷ ಹಾಕಿ ಮತ್ತೆ ಬೀಜ ಹಿಡೀತಿದ್ದೆ. ಹೋದ ಸಲ ಆಲಿಕಲ್ಲು ಬಡಿದು ಇಷ್ಟೇ ಉಳೀತು. ಎಲ್ಲಾ ಹಾಕಿಬಿಟ್ಟೆ."

"ಎಲ್ಲಾನಾ? ಒಂದಷ್ಟು ಇಟ್ಕೋಬಾರದಿತ್ತಾ?"

"ನೀನು ನೆಟ್ಟಿದೀಯಲ್ಲ ಮಗಾ" ಎಂದಳು ಅಜ್ಜಿ, ಬುರುಡೆಯೊಳಗೆ ಕೈಹಾಕಿ ಸವರಿ ಖಾಲಿ ಎಂದು ತೋರಿಸುತ್ತಾ.

ಅವತ್ತಿನಿಂದ ಸೆಖೊಬೆಗೆ ಅನ್ನ ಸೇರಲಿಲ್ಲ. ನಾನು ಜೋಳದ ಮುದ್ದೆ, ಸೊಪ್ಪು ತೆಗೆದುಕೊಂಡು ಹೋದರೆ ಕೋಳಿಗೆ ಹಾಕಿಬಿಡುತ್ತಿದ್ದ. ಕೋಳಿ ಚೆನ್ನಾಗಿ ಮೊಟ್ಟೆ ಇಡತೊಡಗಿತು. ಇವನು ಬೇಸರದಲ್ಲೂ ಅಭ್ಯಾಸಬಲದಿಂದ ತಲೆದೂಗುತ್ತಿದ್ದ. ಊರಿನ ಧೈರ್ಯ ಹೆಚ್ಚುತ್ತಾ ಹೋಯಿತು.

ಸುದ್ದಿ ಕೃಷಿ ಇಲಾಖೆಯ ಸಾಹೇಬರವರೆಗೆ ಹೋಗಿ, ಅವರು ಜೀಪಿನಲ್ಲಿ ಬಂದರು. ನಮ್ಮ ಊರಿನ ಒಡತಿ, ದೊರೆಸಾನಿ ಮಾಸೆಂಪೆ, ಅರಮನೆಯವರು ಬಂದಾಗ ಮಾತ್ರ ಹೊರತೆಗೆಯುವ ಕಂಬಳಿ ಹೊದ್ದು ಮುಂದೆ ನಿಂತಳು. ಊರೆಲ್ಲ ಸೆಖೊಬೆಯ ಅಂಗಳದಲ್ಲಿ ಸೇರಿತು. ಸಾಹೇಬರು ಕನ್ನಡಕ ಒರೆಸಿ ಪೆಟ್ಟಿಗೆಯ ಬಾಗಿಲು ತೆಗೆದರು. ಒಳಗಿದ್ದದ್ದು ಕೊಕ್ಕೊಕ್ಕೋ ಎಂದು ಅರಚಿ ಅವರ ಬೆರಳು ಕುಕ್ಕಿತು.

"ಇದು ಕೋಳಿ" ಎಂದರು ಸಾಹೇಬರು.

"ಹೌದು ಸಾರ್, ಕೋಳಿ!" ಎಂದ ಸೆಖೊಬೆ. ಅವನ ಮುಖದಲ್ಲಿ ಎಂಥ ನೆಮ್ಮದಿ! ಸತ್ಯ ತಾನಾಗಿಯೇ ಹೊರಬಿತ್ತಲ್ಲ. "ಬರೀ ಕೋಳಿ ಸಾರ್. ಇನ್ನೇನೂ ಇಲ್ಲ ಅದರಲ್ಲಿ."

ದೊರೆಸಾನಿ ಸಾಹೇಬರನ್ನು ಕನಿಕರದಿಂದ ನೋಡಿದಳು.

"ಯಾಕೆ ಸಾಹೇಬ್ರೇ, ನಿಮ್ಮ ಕಚೇರೀಲಿ ಕೋಳಿ ಇಟ್ಟಿಲ್ವಾ?"

ಸಾಹೇಬರು ದೊರೆಸಾನಿಯನ್ನು ನೋಡಿದರು, ಜನರನ್ನು ನೋಡಿದರು, ಬೆರಳನ್ನು ನೋಡಿಕೊಂಡರು. ಓದಿದವರಿಗೆ ತಮಗೆ ಗೊತ್ತಿಲ್ಲದ್ದು ಇದೆ ಎನ್ನಿಸಿಕೊಳ್ಳುವುದು ಕಷ್ಟ.

"ಇದೆ, ಇದೆ" ಎಂದರು. "ಆದ್ರೆ ನಮ್ದು ಇಷ್ಟು ಚುರುಕಾಗಿಲ್ಲ."

ಜನ ಚಪ್ಪಾಳೆ ತಟ್ಟಿದರು. ಸೆಖೊಬೆ ಕಲ್ಲಿನ ಮೇಲೆ ಕುಸಿದು ಕುಳಿತ.

ಹುರುಳಿಕಾಯಿ ಮೊಳೆಯಿತು. ಕುಂಬಳ ಎರಡೆಲೆ ಬಿಟ್ಟಿತು. ಊರಿನ ದುಂಡು ಮಡಿಗಳೆಲ್ಲ ಹಸಿರಾದ ಮೇಲೆ, ಒಂದು ದಿನ ಚಳಿ ತರುವ ದಕ್ಷಿಣದ ಗಾಳಿ ಬೀಸಿತು. ಮಾಲೋಟಿ ಬೆಟ್ಟಗಳ ನೆತ್ತಿಯಲ್ಲಿ ಹಿಮ ಬಿದ್ದದ್ದು ಕಾಣಿಸಿತು. ಮಧ್ಯಾಹ್ನದ ಮೇಲೆ ಗಾಳಿ ನಿಂತು ಆಕಾಶ ತೊಳೆದಿಟ್ಟಂತಾಯಿತು. ಅಷ್ಟಕ್ಕೇ ಹೆಪ್ಪುಮಂಜು ಬಂದೇ ಬರುತ್ತದೆ ಎಂದು ಯಾರೂ ಹೇಳಲಾರರು. ಹಿಂದೆಯೂ ಹಾಗಾಗಿ ಏನೂ ಆಗದೆ ಹೋದದ್ದುಂಟು. ಆದರೆ ಹೆಂಡತಿ ತವರಿನಲ್ಲಿ ದಿನ ತುಂಬಿಸಿಕೊಂಡು ಕುಳಿತಿರುವ ಗಂಡಸಿಗೆ ಎಲೆ ಅಲ್ಲಾಡಿದರೂ ಭಯ. ಸೆಖೊಬೆ ದೊರೆಸಾನಿಯ ಅಂಗಳಕ್ಕೆ ಓಡಿಹೋಗಿ ಊರು ಸೇರಿಸಿ ಎಂದ.

ಜನ ಬಂದರು. ಅವನು ನಡುವೆ ನಿಂತು ಟೋಪಿ ತೆಗೆದ.

"ಒಂದು ಸತ್ಯ ಹೇಳ್ಬೇಕು. ನಂಗೆ ಹವಾಮಾನದ ಬಗ್ಗೆ ಏನೂ ಗೊತ್ತಿಲ್ಲ. ನಾನು ಅಲ್ಲಿ ಬಣ್ಣ ಬಳೀತಿದ್ದೆ. ಪೆಟ್ಟಿಗೆ ಕೋಳಿಗೂಡು. ಇವತ್ತು ರಾತ್ರಿ ಹೆಪ್ಪುಮಂಜು ಬೀಳತ್ತೆ, ಎಲ್ರೂ ಗಿಡ ಮುಚ್ಚಿ."

ದೊರೆಸಾನಿ ಹುಬ್ಬು ಗಂಟಿಕ್ಕಿದಳು. "ತಡಿ. ನಿಂಗೇನೂ ಗೊತ್ತಿಲ್ಲ ಅಂದೆ."

"ಹೂಂ ದೊರೆಸಾನಿ."

"ಹಾಗಾದ್ರೆ ಇವತ್ತು ಬೀಳತ್ತೆ ಅಂತ ಹೇಗೆ ಗೊತ್ತು?"

ಸೆಖೊಬೆ ಕೈಯಲ್ಲಿದ್ದ ಟೋಪಿಯಿಂದ ಬೆಟ್ಟದ ಕಡೆ ತೋರಿಸಿದ.

"ಗೊತ್ತಿಲ್ದೋನು ಹೇಳಿದ್ದಕ್ಕೆ ನಾವ್ಯಾಕೆ ಕಂಬಳಿ ಮಣ್ಣು ಮಾಡ್ಕೊಬೇಕು?" ಎಂದು ಹಿಂದಿನಿಂದ ಯಾರೋ ಎಂದರು. ನಾನೇ ಇರಬಹುದು. ನನ್ನ ಕಂಬಳಿ ಹೊಸದು. "ಗೊತ್ತಿರೋನಾದ್ರೆ ಮುಚ್ಚೋಣ. ಗೊತ್ತಿಲ್ದೋನಾದ್ರೆ ಮನೆಗೆ ಹೋಗೋಣ. ಎರಡರಲ್ಲಿ ಒಂದು ಹೇಳಲಿ."

ನ್ಯಾಯವಾದ ಮಾತು ಎಂದು ಜನ ಗೊಣಗಿದರು. ಎದ್ದು ಹೊರಡಲೂ ತೊಡಗಿದರು. ಸೆಖೊಬೆ ಸುತ್ತ ನೋಡಿದ. ಮಾನ್ಕೊಪಾನೆ ಅಜ್ಜಿ ಕೋಲು ಊರಿಕೊಂಡು ಅವನನ್ನೇ ನೋಡುತ್ತಿದ್ದಳು. ಸತ್ಯ ಹೇಳಿ ಹಗುರಾಗುವ ಆಸೆ ಆ ಬಡಪಾಯಿಗೆ ಎಷ್ಟಿತ್ತೋ ನನಗೆ ಗೊತ್ತು. ಅದನ್ನು ನುಂಗಿಕೊಂಡ.

"ಪೆಟ್ಟಿಗೆ ಹೇಳಿದೆ" ಎಂದ ಮೆಲ್ಲಗೆ. "ಕೋಳಿ ಮೈಯೆಲ್ಲಾ ಉಬ್ಬಿಸ್ಕೊಂಡು ಮೂಲೆ ಹಿಡಿದಿದೆ. ಮಸೇರುವಿನಲ್ಲಿ ಹೀಗಾದ್ರೆ ಸೈರನ್ ಊದ್ತಾರೆ."

"ಅದನ್ನ ಮೊದಲೇ ಹೇಳೋಕೇನು ದಾಡಿ?" ಎಂದು ದೊರೆಸಾನಿ ಎದ್ದೇಬಿಟ್ಟಳು.

ಅವತ್ತು ಸಂಜೆ ನಮ್ಮ ಊರಿನಲ್ಲಿ ಒಂದು ಮೈಮೇಲೂ ಕಂಬಳಿ ಇರಲಿಲ್ಲ. ಎಲ್ಲವೂ ಮಡಿಗಳ ಮೇಲೆ ಹೋದವು. ದೊರೆಸಾನಿ ತನ್ನ ಅರಮನೆಯ ಕಂಬಳಿಯನ್ನೇ ಕುಂಬಳಕ್ಕೆ ಹೊದಿಸಿದಳು, ಅದೂ ಚಿತ್ತಾರದ ಮೈ ಮೇಲೆ ಮಾಡಿ. ಯಾರ ಕುಂಬಳ ಎಂದು ಮಂಜಿಗೂ ತಿಳಿಯಲಿ ಎಂದಳು. ಅಜ್ಜಿಯ ಹತ್ತಿರ ಇದ್ದದ್ದು ಒಂದೇ ತೇಪೆ ಕಂಬಳಿ. ಮಡಿಯ ಅರ್ಧಕ್ಕೂ ಸಾಲಲಿಲ್ಲ. ಸೆಖೊಬೆ ಹೋಗಿ ಅದನ್ನು ತೆಗೆದು ಅವಳ ಹೆಗಲಿಗೇ ಹಾಕಿದ. ತನ್ನ ಎರಡನ್ನೂ ಬಿಚ್ಚಿ ಹುರುಳಿಕಾಯಿ ಸಸಿಗಳ ಮೇಲೆ ಹಾಸಿ, ಅಂಚಿಗೆಲ್ಲ ಕಲ್ಲು ಇಟ್ಟ.

"ನಿನ್ನ ಟೊಮೆಟೊಗೆ ಏನು ಮುಚ್ತೀಯೋ?" ಎಂದು ನಾನು ಕೇಳಿದೆ.

"ನನ್ನದು ಬರೀ ಟೊಮೆಟೊ ಅಣ್ಣ" ಎಂದ.

ನನ್ನದೂ ಒಂದೇ ಕಂಬಳಿ, ಅದು ಕುಂಬಳದ ಮೇಲಿತ್ತು. ಇಲ್ಲದಿದ್ದರೆ ಖಂಡಿತ ಕೊಡುತ್ತಿದ್ದೆ.

ಚಳಿಗೆ ನಿದ್ದೆ ಬಾರದೆ ನಾನು ಇನ್ನೂ ಬೆಳಕು ಹರಿಯುವ ಮೊದಲೇ ಗೋಡೆಯ ಬಳಿ ಬಂದೆ. ಬಂದಿತ್ತು. ಹುಲ್ಲು, ಕಲ್ಲು, ಬೇಲಿ, ನನ್ನ ಗಿರಣಿಯ ತಗಡು, ಎಲ್ಲವೂ ಬೆಳ್ಳಗೆ. ಕಂಬಳಿ ಹೊದ್ದ ಮಡಿಗಳು ಊರು ತುಂಬ ಹಿರಿಯರು ಪಂಚಾಯಿತಿಗೆ ಕುಳಿತ ಹಾಗೆ ಕಾಣುತ್ತಿದ್ದವು. ಆಚೆ ಅಂಗಳದಲ್ಲಿ ಸೆಖೊಬೆ ಬರೀ ಅಂಗಿಯಲ್ಲಿ ತನ್ನ ಮಡಿಯ ಸೀಳಿನಲ್ಲಿ ನಿಂತಿದ್ದ. ಸುತ್ತಲೂ ಟೊಮೆಟೊ ಸಸಿಗಳು ಬಿಳಿಯ ಹಿಟ್ಟಿನಲ್ಲಿ ಅದ್ದಿದಂತೆ ತಲೆ ಬಗ್ಗಿಸಿದ್ದವು. ಅವನು ಒಂದು ಎಲೆಯನ್ನು ಬೆರಳುಗಳ ನಡುವೆ ಹಿಡಿದು ಉಸಿರಿನಿಂದ ಬೆಚ್ಚಗೆ ಮಾಡಲು ನೋಡುತ್ತಿದ್ದ. ಒಂದು ಮುಗಿಸಿ ಇನ್ನೊಂದು.

ಆಗ ಅವನ ಹಿಂದೆ ಬೇಲಿ ದಾಟಿ ಇಬ್ಬರು ಹೆಂಗಸರು ಬೆಕ್ಕಿನ ಹೆಜ್ಜೆಯಲ್ಲಿ ಬಂದರು. ಮುಂದಿದ್ದವಳು ಅವನ ನೀರಿನ ಪೀಪಾಯಿಯ ಮೇಲಿನ ಮಂಜುಗಡ್ಡೆಯನ್ನು ಮೊಣಕೈಯಿಂದ ಒಡೆದು, ಬಕೆಟ್ಟು ತುಂಬಿ, ಎತ್ತಿದ ಕೈಯಲ್ಲೇ ಅವನ ನೆತ್ತಿಗೆ ಸುರಿದಳು. ಇನ್ನೊಬ್ಬಳು ಇನ್ನೊಂದು ಬಕೆಟ್ಟು.

ಸೆಖೊಬೆ ಕಣ್ಣು ಮುಚ್ಚಿ ಕೈಮುಗಿದ. ಊರಿನವರೇ ಶಿಕ್ಷೆ ಕೊಡಲು ಬಂದಿದ್ದಾರೆ ಎಂದುಕೊಂಡಿದ್ದ.

"ಹಾಕ್ರಿ, ಇನ್ನೂ ಹಾಕ್ರಿ! ಸುಳ್ಳು ಹೇಳ್ದೆ ನಾನು. ಅದು ಕೋಳಿಗೂಡು!"

"ಯಾವ ಕೋಳೀನೋ? ಹೆಣ್ಣು ಕಣೋ, ಹೆಣ್ಣು!"

"ಹೌದವ್ವ, ಹೇಂಟೆನೇ. ಮೊಟ್ಟೆ ಇಡತ್ತೆ."

"ಅಯ್ಯೋ ಪೆದ್ದಾ!" ಎಂದು ಚಿಕ್ಕತ್ತೆ ಮಾಪಾಲಿ ಬಕೆಟ್ಟು ಬಿಸಾಕಿ ಅವನ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದಳು. "ನಿಂಗೆ ಮಗಳು ಹುಟ್ಟಿದಾಳೋ! ತಾಯಿ ಮಗು ಇಬ್ರೂ ಚೆನ್ನಾಗಿದಾರೆ!"

ಸೆಖೊಬೆ ಕಣ್ಣು ತೆರೆದ. ಗಡ್ಡದಿಂದ ನೀರು ಇಳಿಯುತ್ತಿತ್ತು. "ದಿತ್ಸೆಹೊ ಬಂದ್ಲಾ?" ಎಂದ. ಆಮೇಲೆ ಅಮ್ಮನ ಹೆಸರು ಹೇಳಿ ಅಳತೊಡಗಿದ. ಊರೆಲ್ಲ ಎದ್ದು ಬಂದಾಗ ಅವನು ಹಾಗೆಯೇ, ಒದ್ದೆಯಾಗಿ, ನಡುಗುತ್ತಾ, ಅಳುತ್ತಾ ನಗುತ್ತಾ ನಿಂತಿದ್ದ. ಮಾನ್ಕೊಪಾನೆ ಅಜ್ಜಿ ಓಡೋಡಿ ಬಂದು ತನ್ನ ತೇಪೆ ಕಂಬಳಿಯನ್ನು ಅವನಿಗೆ ಹೊದಿಸಿದಳು. "ನನ್ನ ಹುರುಳಿಕಾಯಿ ಬೆಚ್ಚಗೆ ಮಲಗಿದೆ ಮಗಾ" ಎಂದಳು. "ಒಂದೆಲೆ ಹೋಗಿಲ್ಲ."

ಬಿಸಿಲು ಏರಿದ ಮೇಲೆ ನೋಡಿದರೆ ಅವನ ಮಡಿಯಲ್ಲಿ ಹೆಚ್ಚಿನ ಸಸಿಗಳು ಕರ್ರಗಾಗಿದ್ದವು. ಆದರೆ ಅವನು ನಿಂತಿದ್ದ ಸೀಳಿನ ಸುತ್ತ, ಮಗಳ ನೀರು ಚೆಲ್ಲಿದಲ್ಲೆಲ್ಲ, ಸಸಿಗಳು ತಲೆ ಎತ್ತಿದವು. ಬಿಸಿಲು ತಾಕುವ ಮೊದಲು ನೀರು ಬಿದ್ದು ಎಲೆಯ ಮಂಜು ಮೆಲ್ಲಗೆ ಕರಗಿತ್ತು.

ಊರಿನವರು ಇದಕ್ಕೆ ಏನು ಹೇಳಿದರು ಎಂದು ಬೇರೆ ಹೇಳಬೇಕೆ? ಮಂಜು ಬೀಳುವ ರಾತ್ರಿಯನ್ನೂ ಹೆರಿಗೆಯ ದಿನವನ್ನೂ ಲೆಕ್ಕ ಹಾಕಿ, ಹೆಣ್ಣೇ ಎಂದೂ ತಿಳಿದು, ನೀರು ಬೀಳುವ ಜಾಗ ನೋಡಿಕೊಂಡು ನಿಂತಿದ್ದಾನೆ, ಅದಕ್ಕೇ ಟೊಮೆಟೊ ಮುಚ್ಚಿರಲಿಲ್ಲ ಎಂದರು. ದೊರೆಸಾನಿ ಮುಂದಿನ ವರ್ಷದಿಂದ ಬಿತ್ತನೆಯ ದಿನ ಅವನೇ ಹೇಳತಕ್ಕದ್ದು ಎಂದು ಆಜ್ಞೆ ಮಾಡಿದಳು. ಗಿರಣಿಯಲ್ಲಿ ನಾನು ಎಲ್ಲರಿಗೂ ನಿಜ ಏನೆಂದು ತಿಳಿಸಿಹೇಳಿದೆ. ನನಗೆ ಹೊಟ್ಟೆಕಿಚ್ಚು ಎಂದರು.

ಕ್ರಿಸ್ಮಸ್‌ಗೆ ಮಾದಿತ್ಸೆಹೊ ಬಂದಳು. ಸೆಖೊಬೆ ಮದುವೆಯ ಕಂಬಳಿಯನ್ನು ಒಗೆದು ಒಣಗಿಸಿದ್ದ. ಆದರೂ ಅದರಲ್ಲಿ ಹುರುಳಿಕಾಯಿ ಎಲೆಯ ಹಸಿರು ಕಲೆ ಉಳಿದಿತ್ತು. ಮಗುವನ್ನು ಅದರಲ್ಲೇ ಸುತ್ತಿಕೊಂಡು ಅವಳು ಮಡಿಯ ಪಕ್ಕ ಕುಳಿತು ಟೊಮೆಟೊ ಕಚ್ಚಿದಳು. ರಸ ಗಲ್ಲಕ್ಕಿಳಿಯಿತು. ನಾನು ಗೋಡೆಯ ಈಚೆ ಕುಂಬಳಕ್ಕೆ ನೀರು ಹಾಕುತ್ತಿದ್ದೆ. ಹಾಗಾಗಿ ಕೇಳಿಸಿತು.

ಅವನು ಎಲ್ಲವನ್ನೂ ಹೇಳಿದ. ಬಣ್ಣ, ಪೆಟ್ಟಿಗೆ, ತಲೆದೂಗಿದ್ದು, ಸಾಹೇಬರ ಬೆರಳು, ಸೈರನ್, ಎಲ್ಲ. "ಎಷ್ಟು ಸಲ ಹೇಳಿದ್ರೂ ಯಾರೂ ನಂಬ್ತಿಲ್ಲ ಕಣೇ" ಎಂದ. "ನಂಗೆ ನಿಜವಾಗ್ಲೂ ಏನೂ ಗೊತ್ತಿಲ್ಲ."

ಮಾದಿತ್ಸೆಹೊ ಇನ್ನೊಂದು ಟೊಮೆಟೊ ಕಿತ್ತು ಲಂಗಕ್ಕೆ ಒರೆಸಿದಳು.

"ನಂಗೆ ಗೊತ್ತಿಲ್ವಾ?" ಎಂದಳು. "ನಿಂಗೇನೂ ಗೊತ್ತಿಲ್ಲ ಅಂತ ನಂಗೆ ಮದುವೆ ದಿನಾನೇ ಗೊತ್ತಿತ್ತು."

ಸೆಖೊಬೆ ದೊಡ್ಡದೊಂದು ಉಸಿರು ಬಿಟ್ಟ. ತಿಂಗಳುಗಟ್ಟಲೆ ಒಳಗೇ ಹಿಡಿದಿಟ್ಟುಕೊಂಡಿದ್ದ ಉಸಿರು ಅದು. ಅವಳ ಭುಜಕ್ಕೆ ತಲೆಯಿಟ್ಟ. ಕಂಬಳಿಯೊಳಗಿದ್ದ ದಿತ್ಸೆಹೊ ಅಪ್ಪನ ಗಡ್ಡ ಹಿಡಿದೆಳೆದು, ಹಲ್ಲಿಲ್ಲದ ಬಾಯಿ ತೆರೆದು, ತನ್ನ ಹೆಸರಿಗೆ ತಕ್ಕ ಹಾಗೆ ನಕ್ಕಳು.